‘ಪಾಲುದಾರಿಕೆ’ ಅಂದರೆ ಲಾಭದಲ್ಲೂ ಪಾಲೇ?

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯ ಸಣ್ಣ ಕಾರ್ಖಾನೆಯವರಿಗೆ ಹಂಚಲು ಒಂದು ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಕಸುಬಿನ ನಾಲ್ಕಾರು ಮಾಲೀಕರು ಸೇರಿ ಹುಡುಗರಿಗೆ ಕೆಲಸ ಕಲಿಸಿದರೆ ಸರ್ಕಾರ ದುಡ್ಡು ಕೊಡುತ್ತದೆ ಅನ್ನೋದು ಅದರ ಸಾರ. ಐಟಿಐ, ಅಪ್ರೆಂಟಿಸ್ ತರಬೇತಿ ಸುಧಾರಿಸಲೆಂದು ತಂದ ಕೇಂದ್ರದ ಸ್ಟ್ರೈವ್ ಯೋಜನೆಯಲ್ಲೂ ಹೀಗೆ ಉದ್ದಿಮೆಗಳ ಗುಂಪಿಗೆ ಹಣ ಇಟ್ಟಿದ್ದರು. ಪಾರ್ಟ್‌ನರ್‌ಶಿಪ್ ಅಂತ ಬಂದಲ್ಲೆಲ್ಲ ಕಣ್ಣು ಮುಚ್ಚಿ ‘ಪಾಲುದಾರಿಕೆ’ ಅಂತ ಹಾಕಿದ್ದೆ.

ಪಿ.ಬಿ. ರಸ್ತೆಯಲ್ಲಿ ಲೇತ್ ಇಟ್ಟುಕೊಂಡಿರುವ ಪರಿಚಯದವರೊಬ್ಬರಿಗೆ ಓದಲು ಕೊಟ್ಟೆ. ಕೈಯೆಲ್ಲ ಗ್ರೀಸ್. ಹಾಳೆಯನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ಓದುತ್ತಿದ್ದವರು ಮೂರನೇ ಸಾಲಿಗೇ ನಿಂತರು. “ಪಾಲುದಾರಿಕೆ ನಮಗೆ ಬ್ಯಾಡ್ರೀ ಸರ. ಅಣ್ಣತಮ್ಮರ ಪಾಲೇ ಇನ್ನೂ ಬಗೆಹರಿದಿಲ್ಲ” ಅಂದರು.

ಅವರದ್ದೇನೂ ತಪ್ಪಿಲ್ಲ. ವ್ಯಾಪಾರದ ಊರಲ್ಲಿ ಪಾಲು ಅಂದರೆ ಲಾಭ ನಷ್ಟದ ಪಾಲು. 1932ರ ಪಾಲುದಾರಿಕೆ ಕಾಯ್ದೆಯಲ್ಲೂ ಅಷ್ಟೇ, ವ್ಯವಹಾರಕ್ಕೆಂದು ಒಬ್ಬ ಮಾಡಿದ ಸಾಲಕ್ಕೆ ಇನ್ನೊಬ್ಬನೂ ಹೊಣೆ. ಇಲ್ಲಿ ಕಲಿಸುವುದು ಮಾತ್ರ ಜೊತೆಯಲ್ಲಿ, ಗಲ್ಲಾ ಬೇರೆ ಬೇರೆ.

ಹಾಗಾದರೆ ಯಾವ ಪದ? ‘ಸಹಭಾಗಿತ್ವ’ ಸರ್ಕಾರಿ ಕಾಗದದಲ್ಲಿ ಓಡಾಡುತ್ತಿದೆ, ಆದರೆ ಅದರೊಳಗೂ ‘ಭಾಗ’ ಕೂತಿದೆ ಅಲ್ವಾ? ‘ಒಕ್ಕೂಟ’ ಅಂದರೆ ಹಾಲಿನ ಡೇರಿ, ಚುನಾವಣೆ ನೆನಪಾಗುತ್ತದೆ. ನನಗೆ ಹತ್ತಿರ ಅನ್ನಿಸಿದ್ದು ಹೊಲದ ಮಾತು, ‘ಮುಯ್ಯಾಳು’. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಬೆಳೆ ಅವರವರದ್ದೇ. ಲೇತ್‌ನವರಿಗೆ ಹೇಳಿದೆ, ನಕ್ಕರು, ಆದರೆ ತಕ್ಷಣ ಅರ್ಥ ಆಯಿತು. ‘ಮುಯ್ಯಿ ತರಬೇತಿ’ ಅಂತ ಅಚ್ಚು ಹಾಕಿಸಿದರೆ ಮದುವೆ ಮುಯ್ಯಿ ಅಂದುಕೊಂಡಾರು ಅನ್ನೋ ಅಳುಕೂ ಇದೆ.

ಇನ್ನು ದುಡ್ಡಿನ ಪದ, ‘ಅನುದಾನ’ವೋ ‘ಸಹಾಯಧನ’ವೋ? ನಮ್ಮ ಕಡೆ ಸಹಾಯಧನ ಅಂದರೆ ಹನಿ ನೀರಾವರಿ ಸಬ್ಸಿಡಿಯ ಥರ, ಒಬ್ಬೊಬ್ಬರ ಹೆಸರಿಗೆ ಬರುವಂಥದ್ದು. 2016ರ ಅಪ್ರೆಂಟಿಸ್ ಉತ್ತೇಜನ ಯೋಜನೆಯಲ್ಲಿ ಶಿಷ್ಯವೇತನದ ಶೇ 25ರಷ್ಟನ್ನು, ತಿಂಗಳಿಗೆ 1500 ರೂಪಾಯಿ ಮೀರದಂತೆ ಸರ್ಕಾರ ಕೊಡುವುದಾಗಿತ್ತಲ್ಲ, ಅದಕ್ಕೆ ಈ ಪದ ಒಪ್ಪುತ್ತದೆ. ಗುಂಪಿಗೆ ಬಂದು, ಗುಂಪೇ ಲೆಕ್ಕ ಒಪ್ಪಿಸುವ ಹಣಕ್ಕೆ ‘ಅನುದಾನ’ ಅಂತ ಬರೆದುಕೊಂಡಿದ್ದೇನೆ.

ಅಪ್ರೆಂಟಿಸ್‌ಗೆ ಸರ್ಕಾರಿ ಕಾಗದದಲ್ಲಿ ಬರುವ ‘ಶಿಶಿಕ್ಷು’ವನ್ನು ಹೊಡೆದುಹಾಕಿ ‘ಕೆಲಸ ಕಲಿಯುವವರು’ ಅಂತ ಮಾಡಿಯಾಗಿದೆ. ಅದು ನನ್ನ ಹಟ.

ಚಿತ್ರದುರ್ಗ, ಚಳ್ಳಕೆರೆ ಕಡೆಯವರೇ, ನಿಮ್ಮಲ್ಲಿ ಹೊಲ ಬಿಟ್ಟು ಎಣ್ಣೆ ಮಿಲ್ಲು, ಗ್ಯಾರೇಜುಗಳಲ್ಲೂ ‘ಮುಯ್ಯಾಳು’ ಅನ್ನುವುದುಂಟಾ?