ಬದನೆಕಾಯಿಯನ್ನು ‘ಹಣ್ಣು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಒಂದೇ ಒಂದು ಪದ ಕೇಳೋಣ ಎಂದು ಕೂತೆ. ಅದರ ಬೆನ್ನಿಗೆ ಇನ್ನೂ ನಾಲ್ಕೈದು ಬಂದು ನಿಂತಿವೆ. ಬೇಸರ ಮಾಡಿಕೊಳ್ಳಬೇಡಿ.

ನನ್ನ ನಾದಿನಿಯ ಮಗಳ ಶಾಲೆಯಲ್ಲಿ ಪುಟ್ಟ ಕೈತೋಟ ಮಾಡಿದ್ದಾರೆ. ಪ್ರತಿ ಗಿಡದ ಪಕ್ಕ ಒಂದು ಫಲಕ ನೆಡಬೇಕಂತೆ. ಯಾರೋ ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಬರಹ ತಿದ್ದಲು ನನ್ನ ಕೈಗೆ ಬಂತು. ಬದನೆಯ ಫಲಕದ ಮೊದಲ ಸಾಲು ಹೀಗಿತ್ತು: ‘ಮೊಟ್ಟೆ ಗಿಡ ಅಥವಾ ಬದನೆಕಾಯಿ ತರಕಾರಿಯಲ್ಲ. ವೈಜ್ಞಾನಿಕವಾಗಿ ಅದೊಂದು ಹಣ್ಣು, ಅದರಲ್ಲೂ ಒಂದು ಬೆರ್ರಿ.’

‘ಮೊಟ್ಟೆ ಗಿಡ’ವನ್ನು ಮರುಯೋಚನೆ ಇಲ್ಲದೆ ಹೊಡೆದುಹಾಕಿದೆ. ಕೋಳಿಮೊಟ್ಟೆಯಷ್ಟೇ ಗಾತ್ರದ ಬಿಳಿ ಬದನೆ ನೋಡಿ ಇಂಗ್ಲಿಷಿನವರು ಆ ಹೆಸರಿಟ್ಟರು, ಸರಿ. ನಮಗೆ ಅದರ ಹಂಗೇಕೆ? ನಮ್ಮ ನೆಲದಲ್ಲೇ ಬೆಳೆದುಬಂದ ಬೆಳೆ ಇದು. ಅದರ ಹೆಸರೂ ಇಲ್ಲಿಂದಲೇ ಊರೂರು ತಿರುಗಿದೆ. ಸಂಸ್ಕೃತದ ‘ವಾತಿಂಗಣ’ ಪಾರಸಿಯಲ್ಲಿ ‘ಬಾದಿಂಗಾನ್’ ಆಯಿತು. ಅರಬರ ಬಾಯಲ್ಲಿ ‘ಬಾದಿಂಜಾನ್’ ಆಯಿತು. ಅದು ಸ್ಪೇನ್, ಪೋರ್ಚುಗಲ್ ಸುತ್ತಿ ‘ಬೆರಿಂಜೆಲಾ’ ಆಗಿ, ಪೋರ್ಚುಗೀಸರ ಹಡಗು ಹತ್ತಿ ಮತ್ತೆ ನಮ್ಮ ಕರಾವಳಿಗೇ ‘ಬ್ರಿಂಜಾಲ್’ ಎಂದು ಬಂದಿಳಿಯಿತು. ಫ್ರೆಂಚರ ‘ಓಬರ್ಜಿನ್’ ಕೂಡ ಇದೇ ದಾರಿಯ ಇನ್ನೊಂದು ಕವಲು. ಈಗ ಸೂಪರ್ ಮಾರ್ಕೆಟ್ಟಿನಲ್ಲಿ ‘ಬ್ರಿಂಜಾಲ್’ ಎಂದು ಕನ್ನಡ ಅಕ್ಷರದಲ್ಲೇ ಬರೆದಿರುತ್ತಾರೆ. ಊರು ಬಿಟ್ಟ ಮಗ ಹೆಸರು ಬದಲಿಸಿಕೊಂಡು ಬಂದ ಹಾಗೆ.

ನನ್ನ ನಿಜವಾದ ತಕರಾರು ‘ಹಣ್ಣು’ ಪದದ ಮೇಲೆ.

ಸಸ್ಯಶಾಸ್ತ್ರದ ಲೆಕ್ಕ ಸುಲಭ. ಹೂವಿನ ಅಂಡಾಶಯ ಬೆಳೆದು, ಒಳಗೆ ಬೀಜ ಇಟ್ಟುಕೊಂಡು ಆಗುವುದೆಲ್ಲ ಇಂಗ್ಲಿಷಿನಲ್ಲಿ ‘ಫ್ರೂಟ್’. ಅದು ಸಿಹಿಯೋ ಕಹಿಯೋ, ಎಳೆಯದೋ ಬಲಿತದ್ದೋ ಎಂಬುದು ಅಲ್ಲಿ ಬರುವುದಿಲ್ಲ. ಕನ್ನಡದ ‘ಹಣ್ಣು’ ಹಾಗಲ್ಲವಲ್ಲ! ಹಣ್ಣಾಗುವುದು ಅಂದರೆ ಮಾಗುವುದು. ತಲೆ ಹಣ್ಣಾಗುತ್ತದೆ, ಎಲೆ ಹಣ್ಣಾಗುತ್ತದೆ. ವಯಸ್ಸಾದವರನ್ನು ‘ಹಣ್ಣು ಹಣ್ಣು ಮುದುಕ’ ಅನ್ನುತ್ತೇವೆ. ಅದು ಒಂದು ಹಂತದ ಹೆಸರು, ವಸ್ತುವಿನ ಹೆಸರಲ್ಲ.

ಬದನೆಯ ವಿಷಯದಲ್ಲಂತೂ ಈ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ನಾವು ತಿನ್ನುವುದು ಎಳೆಯದನ್ನು. ಬೀಜ ಇನ್ನೂ ಮೆತ್ತಗಿರುವಾಗಲೇ ಕೊಯ್ಯುತ್ತೇವೆ. ಗಿಡದಲ್ಲೇ ಬಿಟ್ಟರೆ ಅದು ಹಳದಿಗೋ ಕಂದಿಗೋ ತಿರುಗುತ್ತದೆ. ಬೀಜ ಗಟ್ಟಿಯಾಗುತ್ತದೆ. ಕಹಿಯೂ ಬರುತ್ತದೆ. ಬದನೆ ‘ಹಣ್ಣು’ ಅಂದರೆ ಅದು. ಅಡುಗೆಗೆ ಬಾರದು, ಬೀಜಕ್ಕಷ್ಟೇ ಸೈ. ಹಾಗಾಗಿ ‘ಬದನೆ ಒಂದು ಹಣ್ಣು’ ಎಂದು ಫಲಕದಲ್ಲಿ ಓದಿದ ಮಗು, ಮನೆಗೆ ಹೋಗಿ ಅಜ್ಜಿಗೆ ಹೇಳಿದರೆ ಅಜ್ಜಿ ನಗುತ್ತಾರೆ. ನನ್ನ ಪ್ರಕಾರ ಅಜ್ಜಿಯೇ ಸರಿ.

ತಮಾಷೆ ಏನೆಂದರೆ, ಇಂಗ್ಲಿಷಿನವರಿಗೆ ‘ಇದು ತರಕಾರಿಯೋ ಫ್ರೂಟೋ’ ಎಂಬುದು ದೊಡ್ಡ ಒಗಟು. ನಮಗೆ ಆ ಒಗಟೇ ಹುಟ್ಟುವುದಿಲ್ಲ. ನಮಗೆ ‘ಕಾಯಿ’ ಇದೆ. ಬದನೆಕಾಯಿ, ಬೆಂಡೆಕಾಯಿ, ಹೀರೆಕಾಯಿ, ನುಗ್ಗೆಕಾಯಿ ಎಲ್ಲ ಗಿಡದಲ್ಲಿ ‘ಕಾಯಿ’ ಬಿಟ್ಟದ್ದೇ. ಸೊಪ್ಪು ಬೇರೆ, ಗಡ್ಡೆ ಬೇರೆ, ಕಾಯಿ ಬೇರೆ ಎಂದು ಸಂತೆಗೆ ಹೋಗುವ ಎಲ್ಲರಿಗೂ ಗೊತ್ತು. ಬೆಳೆಯುವವರ ಬಾಯಲ್ಲಿ ಇನ್ನೂ ಸೂಕ್ಷ್ಮ ಪದಗಳಿವೆ. ಹೂವು ಉದುರಿದ ಮೇಲೆ ಕಾಣುವುದು ಹೀಚು. ಮಾವು, ಹಲಸು, ಸೌತೆಯಾದರೆ ಮಿಡಿ. ಆಮೇಲೆ ಎಳೆಗಾಯಿ, ಕಾಯಿ, ಬಲಿತ ಕಾಯಿ, ದೋರೆಗಾಯಿ, ಹಣ್ಣು, ಕೊನೆಗೆ ಕಳಿತ ಹಣ್ಣು. ಕೃಷಿ ಕರಪತ್ರಗಳಲ್ಲಿ ‘ಫಲಧಾರಣೆ’ ಎಂದು ಬರೆಯುವುದನ್ನು ರೈತರು ‘ಕಾಯಿ ಕಚ್ಚಿದೆ’ ಅನ್ನುತ್ತಾರೆ. ಮಾವಿನ ಮರಕ್ಕೂ ಅದೇ ಮಾತು, ‘ಈ ವರ್ಷ ಚೆನ್ನಾಗಿ ಕಾಯಿ ಕಚ್ಚಿದೆ.’ ಮಾವಿನಲ್ಲೂ ಮೊದಲು ಕಚ್ಚುವುದು ಕಾಯಿಯೇ, ಹಣ್ಣಲ್ಲ.

ಹಾಗಾದರೆ ಸಸ್ಯಶಾಸ್ತ್ರದ ‘ಫ್ರೂಟ್’ಗೆ ‘ಕಾಯಿ’ ಎಂದೇ ಬಳಸಬಾರದೇಕೆ? ಇದು ನನ್ನ ಮುಖ್ಯ ಪ್ರಶ್ನೆ.

ಅಡ್ಡಿ ಇಲ್ಲದಿಲ್ಲ. ‘ಬಾಳೆಹಣ್ಣು ಒಂದು ಬಗೆಯ ಕಾಯಿ’ ಎಂದು ಬರೆದರೆ ಓದುವವರು ಹುಬ್ಬು ಗಂಟಿಕ್ಕುತ್ತಾರೆ. ಅಡುಗೆಮನೆಯಲ್ಲಿ ಬರೀ ‘ಕಾಯಿ’ ಅಂದರೆ ತೆಂಗಿನಕಾಯಿ. ಪಾಠಪುಸ್ತಕದವರು ಈ ತಾಪತ್ರಯ ಬೇಡವೆಂದು ‘ಫಲ’ ಹಿಡಿದಿರಬೇಕು. ‘ಫಲ’ಕ್ಕೆ ಎಳೆಯದು ಮಾಗಿದ್ದು ಎಂಬ ಹಂಗಿಲ್ಲ ನಿಜ. ಆದರೆ ‘ಫಲಪುಷ್ಪ ಪ್ರದರ್ಶನ’, ‘ಫಲ ತಾಂಬೂಲ’ ಅಂದಾಗ ನಮ್ಮ ಕಣ್ಣೆದುರು ಬರುವುದು ಮತ್ತೆ ಹಣ್ಣೇ. ಸದ್ಯಕ್ಕೆ ಫಲಕದಲ್ಲಿ ‘ಬದನೆಯ ಹೂವು ಕಾಯಿ ಕಚ್ಚುತ್ತದೆ, ಬೀಜ ಬಲಿಯುವ ಮೊದಲೇ ಆ ಕಾಯಿಯನ್ನು ತರಕಾರಿಯಾಗಿ ಬಳಸುತ್ತೇವೆ’ ಎಂದು ಬರೆದು ತಪ್ಪಿಸಿಕೊಂಡಿದ್ದೇನೆ. ಇದಕ್ಕಿಂತ ಚೆನ್ನಾಗಿ ಹೇಳಬಲ್ಲವರು ಹೇಳಿ.

‘ಬೆರ್ರಿ’ಯದು ಇನ್ನೊಂದು ಕಥೆ. ಸಸ್ಯಶಾಸ್ತ್ರದಲ್ಲಿ ಬೆರ್ರಿ ಅಂದರೆ ಒಳಗೆಲ್ಲ ತಿರುಳಿದ್ದು, ಆ ತಿರುಳಿನಲ್ಲೇ ಬೀಜ ಹುದುಗಿರುವ ಕಾಯಿ. ಬದನೆ, ಟೊಮೆಟೊ, ದ್ರಾಕ್ಷಿ, ಬಾಳೆ ಎಲ್ಲ ಆ ಗುಂಪು. ಸ್ಟ್ರಾಬೆರ್ರಿ ಹೆಸರಿನಲ್ಲಷ್ಟೇ ಬೆರ್ರಿ, ಲೆಕ್ಕಕ್ಕೆ ಅಲ್ಲ. ಮಾವಿನ ಹಾಗೆ ಒಳಗೆ ಗಟ್ಟಿ ವಾಟೆ ಇದ್ದರೆ ಅದು ಬೇರೆ ಜಾತಿ. ‘ವಾಟೆಗಾಯಿ’, ‘ತಿರುಳುಗಾಯಿ’ ಎಂದು ಜೋಡಿ ಮಾಡಿದರೆ ಹೇಗೆ? ನನಗೆ ತೋಚಿದ್ದು. ಯಾರಾದರೂ ಈಗಾಗಲೇ ಬಳಸಿದ್ದರೆ ತಿಳಿಸಿ.

ಫಲಕದಲ್ಲಿ ‘ಮುಳ್ಳಿರುವ ಪುಷ್ಪಪತ್ರಗಳು’ ಎಂದೂ ಇತ್ತು. ಕಾಯಿಯ ನೆತ್ತಿಗೆ ಟೋಪಿಯ ಹಾಗೆ ಅಂಟಿಕೊಂಡ ಹಸಿರು ಭಾಗ ಅದು. ಬೇರೆ ಎಷ್ಟೋ ಹೂವಿನಲ್ಲಿ ಇದು ಒಣಗಿ ಹೋಗುತ್ತದೆ. ಬದನೆಯಲ್ಲಿ ಕಾಯಿಯ ಜೊತೆಗೇ ಬೆಳೆಯುತ್ತದೆ. ನಮ್ಮ ಮನೆಯಲ್ಲಿ ದಂಟು, ಟೋಪಿ ಎರಡನ್ನೂ ಸೇರಿಸಿ ‘ತೊಟ್ಟು’ ಅನ್ನುತ್ತಾರೆ. ಎಣ್ಣೆಗಾಯಿಗೆ ‘ತೊಟ್ಟು ಬಿಟ್ಟು ನಾಲ್ಕು ಸೀಳು ಮಾಡು’ ಅಂದರೆ ಸಾಕು. ಟೋಪಿಗೆ ಮಾತ್ರ ಬೇರೆ ಹೆಸರು ನಿಮ್ಮ ಕಡೆ ಇದೆಯಾ?

ಆ ತೊಟ್ಟಿನ ಮುಳ್ಳಿನಿಂದಲೇ ಇನ್ನೊಂದು ಹೆಸರು ಹುಟ್ಟಿದಂತಿದೆ. ಗದಗದ ಕಡೆಯ ಗೆಳತಿಯೊಬ್ಬರು ಬದನೆಕಾಯಿಗೆ ‘ಮುಳಗಾಯಿ’ ಅನ್ನುತ್ತಾರೆ. ಜೋಳದ ರೊಟ್ಟಿಗೆ ಮುಳಗಾಯಿ ಎಣಗಾಯಿ. ‘ಮುಳ್ಳು ಕಾಯಿ’ಯೇ ಸವೆದು ಹಾಗಾಯಿತು ಎಂದು ನನ್ನ ಊಹೆ. ಉತ್ತರ ಕರ್ನಾಟಕದವರು ತಿದ್ದಬೇಕು. ಒಂದೇ ಊರಿನಲ್ಲಿ ‘ಬದನಿಕಾಯಿ’, ‘ಮುಳಗಾಯಿ’ ಎರಡೂ ನಡೆಯುತ್ತವೆಯೇ? ನಡೆದರೆ ವ್ಯತ್ಯಾಸ ಏನು?

ಉಡುಪಿಯ ಕಡೆ ಅಂಥ ವ್ಯತ್ಯಾಸ ಖಂಡಿತ ಇದೆ. ಅಲ್ಲಿ ‘ಗುಳ್ಳ’ ಬೇರೆ, ‘ಬದನೆ’ ಬೇರೆ. ದುಂಡಗೆ, ತೆಳು ಹಸಿರಾಗಿ, ಮೇಲೆ ಬಿಳಿ ಗೀರು ಇದ್ದರೆ ಗುಳ್ಳ. ಮಟ್ಟು ಊರಿನ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ಬೀಜ ಯತಿ ವಾದಿರಾಜರು ಕೊಟ್ಟದ್ದು ಎಂದು ಊರವರ ನಂಬಿಕೆ. ಗುಳ್ಳದ ಕೊದ್ದೆಲ್, ಬೋಳುಹುಳಿ ತಿಂದವರಿಗೆ ಅದನ್ನು ‘ಒಂದು ಬಗೆಯ ಬದನೆ’ ಅಂದರೆ ಸಿಟ್ಟು ಬರುತ್ತದೆ, ನನಗೆ ಅನುಭವ ಇದೆ. ಆದರೆ ಈ ‘ಗುಳ್ಳ’ ಬರೀ ಉಡುಪಿಯ ಪದವಲ್ಲ. ಔಷಧಿಯ ಮುಳ್ಳುಗಿಡವೊಂದಕ್ಕೆ ‘ನೆಲಗುಳ್ಳ’ ಎಂಬ ಹೆಸರು ರಾಜ್ಯದ ಎಲ್ಲ ಕಡೆ ಇದೆ. ‘ಕಿರುಗುಳ್ಳ’, ‘ರಾಮಗುಳ್ಳ’ ಎಂದೂ ಇವೆ. ಎಲ್ಲವೂ ಬದನೆಯ ದಾಯಾದಿಗಳೇ. ಹಾಗಾಗಿ ಈ ಗುಂಪಿನ ಕಾಡುಗಿಡಗಳಿಗೆ ‘ಗುಳ್ಳ’, ಊರಿನ ಬೆಳೆಗೆ ‘ಬದನೆ’ ಎಂದು ಹಿಂದೆ ಹಂಚಿಕೆ ಇತ್ತೋ ಏನೋ ಎಂದು ಅನುಮಾನ.

‘ಬದನೆ’ ಪದದ ಬೇರಿನ ಬಗ್ಗೆ ಎರಡು ಮಾತು. ತಮಿಳಿನ ಹಳೆಯ ‘ವೞುದುಣೈ’, ಮಲಯಾಳದ ‘ವೞುದನ’ ಇದರ ನೆಂಟರು. ತಮಿಳಿನ ‘ವಾ’ ನಮ್ಮಲ್ಲಿ ‘ಬಾ’ ಆದ ಹಾಗೆ ಮೊದಲ ‘ವ’ ‘ಬ’ ಆಗಿದೆ. ನಡುವಿನ ‘ೞ’ ಬಿದ್ದುಹೋಗಿದೆ. ಹಳಗನ್ನಡದ ‘ಗೞ್ದೆ’ ಇಂದು ‘ಗದ್ದೆ’ ಆಗಿರುವುದನ್ನು ನೆನಪಿಸಿಕೊಂಡರೆ ಇದೂ ತಿಳಿಯುತ್ತದೆ. ‘ವಾಂಗಿಬಾತ್’ನ ‘ವಾಂಗಿ’ ಮಾತ್ರ ಮರಾಠಿಯಿಂದ ಬಂದದ್ದು, ಅದು ಆ ‘ವಾತಿಂಗಣ’ದ ಮನೆತನ.

ಬದನೆಯೇ ಅಲ್ಲದ ಬದನೆಗಳೂ ಇವೆ. ಸೀಮೆಬದನೆ ಸೌತೆ, ಕುಂಬಳದ ಕುಟುಂಬದ ಬಳ್ಳಿ, ಮೆಕ್ಸಿಕೊ ಕಡೆಯದು. ಬದನೆಗೂ ಅದಕ್ಕೂ ಸಂಬಂಧವೇ ಇಲ್ಲ. ಟೊಮೆಟೊಗೆ ಹಿಂದೆ ‘ಚಪ್ಪರಬದನೆ’ ಅನ್ನುತ್ತಿದ್ದರು. ಅದು ಮಾತ್ರ ಪಕ್ಕಾ ನೆಂಟಸ್ತಿಕೆ. ಟೊಮೆಟೊ, ಆಲೂಗಡ್ಡೆ, ಬದನೆ ಮೂರೂ ಇಂದಿನ ಸಸ್ಯಶಾಸ್ತ್ರದಲ್ಲಿ ‘ಸೊಲಾನಮ್’ ಎಂಬ ಒಂದೇ ಮನೆಯವು. ನಡುವೆ ಬಹಳ ವರ್ಷ ವಿಜ್ಞಾನಿಗಳು ಟೊಮೆಟೊವನ್ನು ಆ ಮನೆಯಿಂದ ಹೊರಗಿಟ್ಟಿದ್ದರು, ಆಮೇಲೆ ವಾಪಸ್ ಸೇರಿಸಿಕೊಂಡರು. ಚಪ್ಪರಬದನೆ ಅಂದವರು ಎಲೆ, ಹೂವು ನೋಡಿಯೇ ಹೇಳಿರಬೇಕು.

ಕೊನೆಯ ಭಾಗ ಪೋಷಣೆಯದು. ‘ಬದನೆಕಾಯಿ ಪೋಷಕಾಂಶಗಳ ಆಗರ’ ಎಂದಿತ್ತು. ಪತ್ರಿಕೆಗಳಲ್ಲಿ ಯಾವ ತರಕಾರಿ ಆಗರ ಅಲ್ಲ ಹೇಳಿ? 100 ಗ್ರಾಂ ಹಸಿ ಬದನೆಯಲ್ಲಿ ಸುಮಾರು 92 ಗ್ರಾಂ ನೀರೇ. ಅದನ್ನು ಆಗರ ಅನ್ನುವುದಕ್ಕಿಂತ ಕೆರೆ ಅನ್ನಬಹುದು. ಉಳಿದದ್ದರಲ್ಲಿ 3 ಗ್ರಾಂ ನಾರು, 1 ಗ್ರಾಂ ಪ್ರೋಟೀನು, ಸುಮಾರು 230 ಮಿಲಿಗ್ರಾಂ ಪೊಟ್ಯಾಸಿಯಮ್. ಒಟ್ಟು 25 ಕ್ಯಾಲೊರಿ. ಕಡಿಮೆ ಕ್ಯಾಲೊರಿ, ಒಳ್ಳೆಯ ನಾರು, ಇಷ್ಟು ಹೇಳಿದರೆ ಸಾಕಲ್ವಾ? ಆದರೆ ಬದನೆಯ ತಿರುಳು ಬೆಂಡಿನ ಹಾಗೆ, ಒಳಗೆಲ್ಲ ಗಾಳಿ. ಬಾಣಲೆಗೆ ಬಿದ್ದರೆ ಎಣ್ಣೆ ಹೀರುತ್ತದೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕ್ಯಾಲೊರಿ ಇದೆ. ಎಣ್ಣೆಗಾಯಿಗೆ ಆ ಹೆಸರು ಸುಮ್ನೆ ಬಂದಿಲ್ಲ.

‘ಸಿಪ್ಪೆಯ ನಾಸುನಿನ್ ದೇಹಕ್ಕೆ ಒಳ್ಳೆಯದು’ ಎಂಬ ಸಾಲೂ ಇತ್ತು. ನಾಸುನಿನ್ ಅಂದರೆ ಸಿಪ್ಪೆಗೆ ನೇರಳೆ ಬಣ್ಣ ಕೊಡುವ ವಸ್ತು. ಶಾಲೆಯ ತೋಟಕ್ಕೆ ಹೋಗಿ ನೋಡಿದೆ. ಅಲ್ಲಿ ಬಿಟ್ಟಿರುವುದೆಲ್ಲ ಹಸಿರು ಬದನೆ! ಸಾಲು ತೆಗೆದೆ. ಹೆಚ್ಚಿಟ್ಟ ಹೋಳು ಕಪ್ಪಾಗುವುದರ ಬಗ್ಗೆ ಬರೆದೆ, ಅದು ಎಲ್ಲ ಬಣ್ಣದ ಬದನೆಗೂ ಹೊಂದುತ್ತದೆ. ತಿರುಳಿನಲ್ಲಿರುವ ಕ್ಲೋರೊಜೆನಿಕ್ ಆಮ್ಲದಂಥ ವಸ್ತುಗಳು ಗಾಳಿ ತಾಗಿದಾಗ ಕಿಣ್ವದ ಜೊತೆ ಸೇರಿ ಕಪ್ಪಾಗುತ್ತವೆ. ಅದಕ್ಕೇ ಅಮ್ಮಂದಿರು ಹೋಳನ್ನು ನೀರಿಗೆ ಹಾಕುವುದು.

ಒಂದು ಪದ ನಾನೇ ಸೇರಿಸಬೇಕೆಂದಿದ್ದೆ, ಧೈರ್ಯ ಸಾಲಲಿಲ್ಲ: ‘ನಂಜು’. ಗಾಯ, ತುರಿಕೆ ಇದ್ದವರಿಗೆ ‘ಬದನೆಕಾಯಿ ನಂಜು, ತಿನ್ನಬೇಡ’ ಎಂದು ಹಿರಿಯರು ಹೇಳುತ್ತಾರೆ. ನಂಜು ಅಂದರೆ ವಿಷ ಎಂದೇ ನಿಘಂಟಿನ ಮೊದಲ ಅರ್ಥ. ಇಲ್ಲಿ ವಿಷ ಅಲ್ಲ, ಕೆಲವರಿಗೆ ಆಗಿಬರದ್ದು ಎಂಬ ಅರ್ಥ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಸಂಶೋಧಕರು ಬದನೆಯ ಅಲರ್ಜಿಯ ಬಗ್ಗೆ ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದ್ದಾರೆ. ಅದು ಹೆಂಗಸರಲ್ಲಿ ಜಾಸ್ತಿ ಎಂದು ಕಂಡಿದ್ದರು. ‘ಅಲರ್ಜಿ’ಗೆ ‘ಒಗ್ಗದಿಕೆ’ ಎಂದು ಹೊಸ ಪದ ಕಟ್ಟುವವರು ‘ನಂಜು’ವನ್ನು ಯಾಕೆ ಮರೆತರು?

ಇನ್ನೊಂದು ಕೇಳಿ ಮುಗಿಸುತ್ತೇನೆ. ನಾನು ಇಷ್ಟೆಲ್ಲ ತಿದ್ದಿ ಕಳಿಸಿದಾಗ ನಾದಿನಿ ನಕ್ಕು, ‘ನಿಮ್ಮದು ಬರೀ ಪುಸ್ತಕದ ಬದನೆಕಾಯಿ’ ಅಂದಳು. ಓದಿನ ತಿಳಿವಳಿಕೆ ಕೆಲಸಕ್ಕೆ ಬಾರದು ಎಂದು ಅರ್ಥ, ಗೊತ್ತು. ‘ಹೇಳೋದು ಪುರಾಣ, ತಿನ್ನೋದು ಬದನೆಕಾಯಿ’ ಎಂಬ ಗಾದೆಗೆ ಕಾರಣ ಊಹಿಸಬಹುದು. ಚಾತುರ್ಮಾಸ್ಯದಲ್ಲಿ ಎಷ್ಟೋ ಮನೆಗಳಲ್ಲಿ ಬದನೆ ನಿಷಿದ್ಧ. ಬದನೆ ಬೇಡ ಎಂದು ಪುರಾಣ ಹೇಳಿದವರೇ ಮನೆಗೆ ಹೋಗಿ ಅದನ್ನು ಉಂಡ ಕಥೆ ಎಲ್ಲ ಊರಿನಲ್ಲೂ ಇದೆ. ಆದರೆ ಪುಸ್ತಕದೊಳಗೆ ಬದನೆಕಾಯಿ ಹೇಗೆ ಬಂತು? ಆ ಪುರಾಣದ ಬದನೆಯೇ ಇದಾ, ಅಥವಾ ಬೇರೆ ಕಥೆ ಇದೆಯಾ? ಗೊತ್ತಿದ್ದವರು ಬರೆಯಿರಿ. ಫಲಕ ಸೋಮವಾರ ಅಚ್ಚಿಗೆ ಹೋಗುತ್ತದೆ, ‘ಕಾಯಿ’ಯ ಬಗ್ಗೆಯಾದರೂ ಅಷ್ಟರೊಳಗೆ ಹೇಳಿ.