ಪದಚರ್ಚೆ: ಎಕ್ಸಾನ್ ‘ಸೇರ್ಪಡೆ’ಯೋ, ‘ಉಳಿಕೆ’ಯೋ?

ಎಲ್ಲರಿಗೂ ನಮಸ್ಕಾರ.

ಮನುಷ್ಯರ ಜೀವಕೋಶಗಳಲ್ಲಿ ಆರ್‌ಎನ್‌ಎ ಸ್ಪ್ಲೈಸಿಂಗ್ ಅಳೆಯುವ ಬಗ್ಗೆ ಬರೆಯುತ್ತಿದ್ದೇನೆ. ಸ್ಪ್ಲೈಸಿಂಗ್ (ಮೂಲ ಆರ್‌ಎನ್‌ಎಯ ಕೆಲವು ತುಂಡುಗಳನ್ನು ಕತ್ತರಿಸಿ ತೆಗೆದು ಮಿಕ್ಕವನ್ನು ಜೋಡಿಸುವುದು), ಎಕ್ಸಾನ್ (ಸಾಮಾನ್ಯವಾಗಿ ಉಳಿಯುವ ತುಂಡು), ಇಂಟ್ರಾನ್ (ಕತ್ತರಿಸಿ ತೆಗೆಯುವ ತುಂಡು) ಇವನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ. ತೊಡಕಿರುವುದು ‘ಪಿಎಸ್‌ಐ’ (ಪರ್ಸೆಂಟ್ ಸ್ಪ್ಲೈಸ್ಡ್ ಇನ್) ಎಂಬ ಅಳತೆಯ ಹೆಸರಿನಲ್ಲಿ. ಒಂದು ಜೀನ್‌ನ ಸಿದ್ಧ ಆರ್‌ಎನ್‌ಎ ಪ್ರತಿಗಳಲ್ಲಿ ಇಂಥ ಎಕ್ಸಾನ್ ಇರುವಂಥವು ಶೇಕಡಾ ಎಷ್ಟು ಅನ್ನುವುದೇ ಪಿಎಸ್‌ಐ.

ಮೊದಲು ಹೊಳೆಯುವುದು ‘ಸೇರ್ಪಡೆ ಪ್ರಮಾಣ’. ಆದರೆ ಸೇರ್ಪಡೆ ಅಂದರೆ ಹೊರಗಿನಿಂದ ತಂದು ಸೇರಿಸಿದ ಹಾಗೆ ಕೇಳಿಸುತ್ತದೆ, ಅಲ್ವಾ? ಎಕ್ಸಾನ್ ಮೂಲ ಆರ್‌ಎನ್‌ಎಯಲ್ಲಿ ಆಗಲೇ ಇರುತ್ತದೆ. ಇಂಟ್ರಾನ್‌ಗಳನ್ನು ಕತ್ತರಿಸುವಾಗ ಅದು ಉಳಿಯಬಹುದು, ಇಲ್ಲವೇ ಅವುಗಳ ಜೊತೆಗೇ ಹೊರಬೀಳಬಹುದು. ಎಸ್‌ಎಂಎನ್2 ಜೀನ್‌ನ 7ನೇ ಎಕ್ಸಾನ್ ನೋಡಿ. ಡಿಎನ್‌ಎ ಅಕ್ಷರ ಸಿ ಇರಬೇಕಾದ ಕಡೆ ಟಿ ಇದೆ, ಅಷ್ಟಕ್ಕೇ ಹೆಚ್ಚಿನ ಪ್ರತಿಗಳಲ್ಲಿ ಅದು ಬಿಟ್ಟುಹೋಗುತ್ತದೆ. 2016ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ನುಸಿನರ್ಸೆನ್ ಔಷಧದ ಕೆಲಸವೇ ಅದನ್ನು ಉಳಿಸುವುದು. ಹಾಗಾಗಿ ನನ್ನ ಒಲವು ‘ಉಳಿಕೆ ಪಾಲು’ ಕಡೆಗೆ. (ಬಿಟ್ಟುಹೋಗುವುದಕ್ಕೆ ‘ಬಿಡುಗಡೆ’ ಮಾತ್ರ ಬೇಡ, ಸಿನಿಮಾ ನೆನಪಾಗುತ್ತದೆ.)

ಪಾಲು ಯಾವುದರದ್ದು ಅನ್ನುವುದೂ ಹೆಸರಿನಲ್ಲಿ ತಿಳಿಯಬೇಕು. ಆರ್‌ಟಿ-ಪಿಸಿಆರ್ ಮಾಡಿ (ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲಿಸಿ, ಆ ನಕಲನ್ನು ಹೆಚ್ಚಿಸಿ) ಜೆಲ್‌ನಲ್ಲಿ ಓಡಿಸಿದರೆ ತುಣುಕುಗಳು ಉದ್ದಕ್ಕೆ ತಕ್ಕಂತೆ ಬೇರ್ಪಟ್ಟು ಎರಡು ಬ್ಯಾಂಡ್ (ಗೆರೆ) ಕಾಣುತ್ತವೆ. ಮೇಲಿನದರಲ್ಲಿ ಎಕ್ಸಾನ್ ಇದೆ, ಕೆಳಗಿನದರಲ್ಲಿ ಇಲ್ಲ. ಉದ್ದನೆಯ ತುಣುಕು ಜಾಸ್ತಿ ಬಣ್ಣ ಹಿಡಿಯುತ್ತದೆ, ಆದ್ದರಿಂದ ಹೊಳಪನ್ನು ಉದ್ದದಿಂದ ಭಾಗಿಸಬೇಕು. ಸೀಕ್ವೆನ್ಸಿಂಗ್‌ನಲ್ಲೂ (ಅಕ್ಷರಗಳ ಸಾಲನ್ನು ಓದುವ ವಿಧಾನ) ಇಂಥದ್ದೇ ಪೇಚು. ಎಕ್ಸಾನ್ ಉಳಿದರೆ ಎರಡು ಜಂಕ್ಷನ್ (ಎಕ್ಸಾನ್‌ಗಳು ಒಂದಕ್ಕೊಂದು ಕೂಡುವ ಜಾಗ), ಬಿಟ್ಟುಹೋದರೆ ಒಂದೇ. ಎಡ ಜಂಕ್ಷನ್‌ಗೆ 40 ರೀಡ್ (ಯಂತ್ರ ಓದಿದ ಚಿಕ್ಕ ತುಣುಕು), ಬಲಕ್ಕೆ 40, ಎಕ್ಸಾನ್ ಬಿಟ್ಟ ಜಂಕ್ಷನ್‌ಗೆ 10 ಸಿಕ್ಕವು ಅನ್ನಿ. ಸುಮ್ನೆ 80ನ್ನು 90ರಿಂದ ಭಾಗಿಸಿದರೆ ಸುಮಾರು ಶೇ. 89 ಬರುತ್ತದೆ. ಎರಡು ಜಂಕ್ಷನ್‌ಗಳ ಸರಾಸರಿ 40 ತೆಗೆದುಕೊಂಡು 50ರಿಂದ ಭಾಗಿಸಿದರೆ ಶೇ. 80. ಎರಡನೆಯದೇ ಸರಿ, ಯಾಕೆಂದರೆ ನಮಗೆ ಬೇಕಾದ್ದು ಪ್ರತಿಗಳ ಪಾಲು, ರೀಡ್‌ಗಳದ್ದಲ್ಲ.

ಈಗ ನನ್ನ ಪ್ರಶ್ನೆ. ಕೆಲವೊಮ್ಮೆ ಇಂಟ್ರಾನೇ ಕತ್ತರಿಗೆ ಸಿಗದೆ ಸಿದ್ಧ ಆರ್‌ಎನ್‌ಎಯಲ್ಲಿ ಉಳಿದುಬಿಡುತ್ತದೆ. ಅದಕ್ಕೆ ‘ಇಂಟ್ರಾನ್ ಉಳಿಕೆ’ ಅನ್ನುವುದೇ ಸಹಜ. ಆಗ ಎಕ್ಸಾನ್‌ಗೂ ‘ಉಳಿಕೆ’ ಅಂದರೆ ಓದುವವರಿಗೆ ಗೊಂದಲವಾದೀತೇ? ‘ಎಕ್ಸಾನ್ ಉಳಿಕೆ ಪಾಲು’ ಎಂದು ಪ್ರತಿ ಸಲವೂ ಪೂರ್ತಿ ಬರೆದರೆ ಸಾಕೇ, ಅಥವಾ ಇಂಟ್ರಾನ್‌ಗೆ ಬೇರೆಯೇ ಪದ ಹುಡುಕಬೇಕೇ? ಪಾಠ ಹೇಳುವವರು ತರಗತಿಯಲ್ಲಿ ಏನನ್ನುತ್ತೀರಿ, ದಯವಿಟ್ಟು ತಿಳಿಸಿ.