ಮನೆ ಮುಂದಿನ ರಸ್ತೆ ಸಂಘದ್ದಾ?

ಬಾಡಿಗೆಮನೆಯವ, ಬನಶಂಕರಿ: ನಿನ್ನೆ ಬೆಳಗ್ಗೆ ಆಫೀಸಿಗೆ ಹೊರಟರೆ ಕಾರಿನ ಮುಂದಿನ ಚಕ್ರಕ್ಕೆ ಬೀಗ. ಗಾಜಿನ ತುಂಬಾ ಗೋಂದು ಬಳಿದು ಚೀಟಿ ಅಂಟಿಸಿದ್ದಾರೆ: 'ಸದಸ್ಯರಿಗೆ ಮಾತ್ರ. ದಂಡ 500 ರೂ.' ಬಡಾವಣೆ ಸಂಘದವರ ಕೆಲಸ. ನಮ್ಮ ಓನರ್ ಸದಸ್ಯರು, ಆದರೆ ಬಾಡಿಗೆಯವರಿಗೆ ಜಾಗ ಇಲ್ಲವಂತೆ. ಲೇಟಾಗಿತ್ತು, ದುಡ್ಡು ಕೊಟ್ಟೆ. ರಸೀದಿಯೂ ಕೊಡಲಿಲ್ಲ. ಇವರಿಗೆ ಈ ಅಧಿಕಾರ ಇದೆಯಾ?

ಲಾಯರಮ್ಮ: ಇಲ್ಲ. ಸಂಘ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ರಿಜಿಸ್ಟರ್ ಆಗಿದ್ದರೂ ಅದರ ಬೈಲಾ ಸದಸ್ಯರ ಮಟ್ಟಿಗೆ. ರಸ್ತೆ ಪಾಲಿಕೆಗೆ ಹೋದ ಮೇಲೆ ಅದು ಎಲ್ಲರದ್ದು. ಅಡ್ಡ ನಿಂತ ಗಾಡಿಗೆ ದಂಡ ಹಾಕುವುದು ಪೊಲೀಸರ ಕೆಲಸ. ಅಪಾರ್ಟ್‌ಮೆಂಟಿನ ಕಾಂಪೌಂಡ್ ಒಳಗಿನ ಮಾತು ಬೇರೆ, ಅಲ್ಲಿ ಜಾಗ ಫ್ಲ್ಯಾಟಿನವರದ್ದೇ, ನಿಯಮ ಮಾಡಿಕೊಳ್ಳಬಹುದು.

ಮೂಲೆಮನೆ: ಹಾಗಾದರೆ ನಮ್ಮ ಗೇಟಿಗೇ ಅಡ್ಡ ನಿಲ್ಲಿಸಿ ಹೋದರೆ? ನಾವು ಪೇಂಟ್ ಡಬ್ಬಕ್ಕೆ ಸಿಮೆಂಟ್ ತುಂಬಿ, ಪೈಪ್ ನಿಲ್ಲಿಸಿ, 'ನೋ ಪಾರ್ಕಿಂಗ್' ಬರೆದು ಇಟ್ಟಿದ್ದೇವೆ. ಬೇರೆ ದಾರಿ ಏನಿದೆ?

ಲಾಯರಮ್ಮ: ಗೇಟಿಗೆ ಅಡ್ಡ ಬಂದರೆ ಪೊಲೀಸರಿಗೆ ದೂರು ಕೊಡಿ, ಖಂಡಿತ ಕೊಡಿ. ಆ ಡಬ್ಬ ಮಾತ್ರ ತೆಗೀರಿ, ಅದೂ ರಸ್ತೆ ಒತ್ತುವರಿನೇ.

ಇನ್ನೊಂದು ಸಂಘದ ಸೆಕ್ರೆಟರಿ: ಬೀಗ ಹಾಕಿದ್ದು ತಪ್ಪು, ಒಪ್ಪುತ್ತೇನೆ. ಆದರೆ ನಮ್ಮ ಕಷ್ಟವನ್ನೂ ಕೇಳಿ. 30x40 ಸೈಟಿನಲ್ಲಿ ನಾಲ್ಕು ಮಹಡಿ, ಮಹಡಿಗೊಂದು ಕಾರು, ಪಾರ್ಕಿಂಗಿಗೆ ಅಂತ ಪ್ಲಾನಿನಲ್ಲಿ ತೋರಿಸಿದ ಜಾಗದಲ್ಲಿ ಅಂಗಡಿ. ಕಳೆದ ಮಳೆಗಾಲದಲ್ಲಿ ಒಬ್ಬ ಅಜ್ಜಿಗೆ ಉಸಿರು ಸಿಕ್ಕಿಹಾಕಿಕೊಂಡಿತು, ಎರಡೂ ಕಡೆ ಕಾರು ನಿಂತಿದ್ದರಿಂದ ಆಂಬುಲೆನ್ಸ್ ಕ್ರಾಸಿಗೆ ತಿರುಗಲೇ ಇಲ್ಲ, ನಾವೇ ನಾಲ್ಕು ಜನ ಸ್ಟ್ರೆಚರ್ ಹೊತ್ತುಕೊಂಡು ಹೋದೆವು, ಅವರ ಮಗಳು ಮುಖದ ಮೇಲೆ ಕೊಡೆ ಹಿಡಿದು ಪಕ್ಕದಲ್ಲೇ ಓಡುತ್ತಿದ್ದಳು. ಅದನ್ನು ನೋಡಿದ ಮೇಲೆ ಸುಮ್ನೆ ಕೂರಕ್ಕಾಗಲ್ಲ.

ಬಾಡಿಗೆಮನೆಯವ, ಬನಶಂಕರಿ: ಅಜ್ಜಿ ಹುಷಾರಾದರಾ ಸರ್? ನೀವು ಹೇಳಿದ್ದು ಸರಿ. ಆದರೆ ಚಕ್ರಕ್ಕೆ ಬೀಗ ಹಾಕಿದರೆ ಕಾರು ಅಲ್ಲೇ ಉಳಿಯುತ್ತೆ ಅಲ್ವಾ? ಆಂಬುಲೆನ್ಸ್ ಬಂದಾಗ ನನ್ನನ್ನು ಎಬ್ಬಿಸಿದರೂ ತೆಗೆಯಲು ಆಗುತ್ತಿರಲಿಲ್ಲ.

ಲಾಯರಮ್ಮ: ಅದೇ ಮುಖ್ಯ. ಬೆಂಗಳೂರಿನ 2021ರ ಪಾರ್ಕಿಂಗ್ ಪಾಲಿಸಿಯಲ್ಲಿ ಮನೆ ಮುಂದೆ ನಿಲ್ಲಿಸುವುದಕ್ಕೆ ಕಾರಿನ ಗಾತ್ರ ನೋಡಿ ವರ್ಷಕ್ಕೆ 1,000ದಿಂದ 5,000 ರೂಪಾಯಿ ಪರ್ಮಿಟ್ ಅಂತ ಇತ್ತು. ಅಲ್ಲೂ ಸಂಘಕ್ಕೆ ದಂಡ ಹಾಕುವ ಹಕ್ಕು ಕೊಟ್ಟಿರಲಿಲ್ಲ.

ಇನ್ನೊಂದು ಸಂಘದ ಸೆಕ್ರೆಟರಿ: ಅಜ್ಜಿ ಆರಾಮಾಗಿದ್ದಾರೆ, ಸಂಜೆ ಜಗಲಿ ಮೇಲೆ ಕೂತಿರುತ್ತಾರೆ. ಭಾನುವಾರ ನಮ್ಮ ಮೀಟಿಂಗ್ ಇದೆ. ಟೇಪ್ ಹಿಡಿದು ರಸ್ತೆ ಅಳೆದು, ಒಂದೇ ಕಡೆ ಪಾರ್ಕಿಂಗ್ ಮಾಡಿಸಿ ಅಂತ ಟ್ರಾಫಿಕ್ ಠಾಣೆಗೆ ಅರ್ಜಿ ಕೊಡುತ್ತೇವೆ. ಈ ಸಲ ಬಾಡಿಗೆಯವರನ್ನೂ ಕರೆದು ಸಹಿ ಹಾಕಿಸುತ್ತೇವೆ.